ಕಾಲು ಹಾಕುವ ಮೂರು ಸೆಕೆಂಡ್ ಮೊದಲು: ಮೈಸೂರು, ಮಂಡ್ಯದಿಂದ ವೃತ್ತಿಪರ ಫುಟ್‌ಬಾಲ್ ಡಿಫೆಂಡರ್ ಆಗುವ ದಾರಿ

ಸ್ಲೈಡ್ ಮಾಡಿ ಚೆಂಡನ್ನು ಗೆರೆ ಆಚೆ ಹಾಕಿದ ಬ್ಯಾಕ್‌ಗೆ ಯಾವ ಮೈದಾನದಲ್ಲಾದರೂ ಶಿಳ್ಳೆ, ಚಪ್ಪಾಳೆ ಬೀಳುತ್ತದೆ. ಆಟಗಾರರನ್ನು ಆರಿಸಲು ಬಂದು ಕೂತವರು ಮಾತ್ರ ಆ ಹೊತ್ತಿನಲ್ಲಿ ಬೇರೆಯದನ್ನೇ ಯೋಚಿಸುತ್ತಿರುತ್ತಾರೆ: ಇವನು ನೆಲಕ್ಕೆ ಬೀಳುವ ಪರಿಸ್ಥಿತಿ ಯಾಕೆ ಬಂತು? ಬಹಳ ಸಲ ಅದಕ್ಕೆ ಉತ್ತರ ಮೂರು ಸೆಕೆಂಡ್ ಹಿಂದೆ ಇರುತ್ತದೆ. ನಿಂತ ಜಾಗ ತಪ್ಪಿತ್ತು, ಇಲ್ಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿರಲಿಲ್ಲ. ಡಿಫೆಂಡರ್‌ನ ಕಸುಬು ಇರುವುದೇ ಆ ಮೂರು ಸೆಕೆಂಡಿನಲ್ಲಿ. ಮೈದಾನದಾಚೆಗೂ ಇದೇ ಕತೆ. ಸೀಸನ್ ಹಾಳು ಮಾಡುವ ಗಾಯ, ಕೈತಪ್ಪುವ ಕಾಂಟ್ರ್ಯಾಕ್ಟ್, ವಯಸ್ಸಿನ ತಕರಾರು, ಇವೆಲ್ಲ ಶುರುವಾಗಿರುವುದು ಬಹಳ ಮೊದಲೇ.

ಈ ಬರಹ 12ರಿಂದ 20ರ ನಡುವಿನ ಹುಡುಗ, ಹುಡುಗಿಯರಿಗೆ ಮತ್ತು ಅವರ ಮನೆಯವರಿಗೆ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ನಾಲ್ವರ ಡಿಫೆನ್ಸ್‌ನಲ್ಲಿ ನಡುವೆ ಇಬ್ಬರು ಸ್ಟಾಪರ್‌ಗಳು, ಪಕ್ಕದಲ್ಲಿ ಒಬ್ಬ ರೈಟ್ ಬ್ಯಾಕ್, ಒಬ್ಬ ಲೆಫ್ಟ್ ಬ್ಯಾಕ್. ಸ್ಟಾಪರ್ ಆಗಲು ಆರಡಿ ಇರಲೇಬೇಕು ಅನ್ನುವ ಮಾತು ನಮ್ಮಲ್ಲಿ ಬಹಳ ಹುಡುಗರನ್ನು ಸುಮ್ಮನೆ ಹೆದರಿಸಿದೆ. 2006ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟು ಅದೇ ವರ್ಷ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪಡೆದ ಫಾಬಿಯೊ ಕನವಾರೊ ಎತ್ತರ 1.76 ಮೀಟರ್ ಅಷ್ಟೇ. ಹಾಗಂತ ಎತ್ತರ ಲೆಕ್ಕಕ್ಕೇ ಇಲ್ಲ ಅಂತಲ್ಲ. ಇಲ್ಲಿನ ಲೀಗ್‌ಗಳಲ್ಲಿ ಉದ್ದ ಬಾಲ್ ಜಾಸ್ತಿ, 1.75ಕ್ಕಿಂತ ಕಡಿಮೆ ಇದ್ದರೆ ಜಿಗಿತವೂ ಮುಂದಾಲೋಚನೆಯೂ ಬೇರೆಯವರಿಗಿಂತ ಒಂದು ತೂಕ ಹೆಚ್ಚಿರಬೇಕು. ಇನ್ನೂ ಕುಳ್ಳಗಿದ್ದು ಓಟ ಇದ್ದರೆ ಸೈಡ್ ಬ್ಯಾಕ್ ನೋಡಿ. ಜರ್ಮನಿಯ ಫಿಲಿಪ್ ಲಾಮ್ 1.70 ಮೀಟರ್ ಎತ್ತರದಲ್ಲೇ 2014ರ ವಿಶ್ವಕಪ್ ಎತ್ತಿದ ನಾಯಕ.

ಎಡಗಾಲಿನವರಿಗೆ ಒಂದು ಮಾತು. ಎಡಗಾಲಿನ ಲೆಫ್ಟ್ ಬ್ಯಾಕ್, ಎಡಗಾಲಿನ ಸ್ಟಾಪರ್ ಎಲ್ಲ ಕಡೆಯೂ ಅಪರೂಪ. ಟ್ರಯಲ್ಸ್ ಫಾರಂನಲ್ಲಿ ಅದನ್ನು ಎದ್ದು ಕಾಣುವ ಹಾಗೆ ಬರೆಯಿರಿ. ಬಲಗಾಲಿನವರು ದಿನಕ್ಕೆ 100 ಪಾಸ್ ಎಡಗಾಲಿನಲ್ಲಿ ಗೋಡೆಗೆ ಹೊಡೆಯಿರಿ: 50 ನಿಲ್ಲಿಸಿ, 50 ಒಂದೇ ಟಚ್‌ನಲ್ಲಿ. ಕಾಂಪೌಂಡ್ ಗೋಡೆ ಸಾಕು, ಪಕ್ಕದ ಮನೆಯವರು ಒಪ್ಪಿದರೆ.

ಒಬ್ಬನ ಎದುರು ಒಬ್ಬ

ನೀವು ಲೆಫ್ಟ್ ಬ್ಯಾಕ್ ಅಂದುಕೊಳ್ಳಿ. ಅವರ ರೈಟ್ ವಿಂಗರ್‌ಗೆ (ಬಲಬದಿಯಿಂದ ದಾಳಿ ಮಾಡುವವನಿಗೆ) ಪಾಸ್ ಹೋಗುತ್ತಿದೆ, ನಿಮ್ಮಿಬ್ಬರ ನಡುವೆ 15 ಮೀಟರ್ ಇದೆ. ಚೆಂಡು ದಾರಿಯಲ್ಲಿ ಇರುವಷ್ಟು ಹೊತ್ತು ಅವನು ಏನೂ ಮಾಡಲಾರ. ಆ ಹೊತ್ತು ನಿಮ್ಮದು. ಪೂರ್ತಿ ವೇಗದಲ್ಲಿ ಓಡಿ. ಚೆಂಡು ಅವನ ಕಾಲಿಗೆ ತಾಗುವಾಗ ನೀವು ಬ್ರೇಕ್ ಹಾಕಿರಬೇಕು: ಕೊನೆಯ ಮೂರು ನಾಲ್ಕು ಹೆಜ್ಜೆ ಗಿಡ್ಡ, ಮೊಣಕಾಲು ಬಾಗಿ, ಭಾರ ಮುಂಗಾಲಿನ ಮೇಲೆ, ಹಿಮ್ಮಡಿ ಮುಟ್ಟಿಯೂ ಮುಟ್ಟದ ಹಾಗೆ. ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿ. ಇನ್ನೂ ಹತ್ತಿರ ಹೋದರೆ ಒಂದೇ ಟಚ್‌ನಲ್ಲಿ ದಾಟುತ್ತಾನೆ. ಮೂರು ಮೀಟರ್ ಬಿಟ್ಟರೆ ತಲೆ ಎತ್ತಿ ಆರಾಮಾಗಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ.

ಈಗ ಪಾದ. ಎರಡೂ ಪಾದ ಒಂದೇ ಗೆರೆಯಲ್ಲಿಟ್ಟು ಎದೆಯನ್ನು ನೇರ ಅವನಿಗೆ ಕೊಟ್ಟು ನಿಲ್ಲುವುದು ನಮ್ಮ ಮೈದಾನಗಳಲ್ಲಿ ದಿನಾ ಕಾಣುವ ತಪ್ಪು. ಹಾಗೆ ನಿಂತವನು ಯಾವ ಕಡೆ ತಿರುಗಬೇಕಾದರೂ ಒಂದು ಹೆಜ್ಜೆ ಕಳೆದುಕೊಳ್ಳುತ್ತಾನೆ, ಜೊತೆಗೆ ಕಾಲ ಸಂದಿಯಲ್ಲಿ ಚೆಂಡು ಹೋಗುತ್ತದೆ. ಲೆಫ್ಟ್ ಬ್ಯಾಕ್‌ಗೆ ಒಳಬದಿಯ ಕಾಲು ಅಂದರೆ ಬಲಗಾಲು. ಅದು ಅರ್ಧ ಹೆಜ್ಜೆ ಮುಂದೆ, ಎಡಗಾಲು ಹಿಂದೆ, ಎದೆ ಓರೆಯಾಗಿ ಟಚ್‌ಲೈನ್ (ಮೈದಾನದ ಪಕ್ಕದ ಗೆರೆ) ಕಡೆಗೆ. ಇದರಿಂದ ಗೋಲಿನ ದಾರಿ ಮುಚ್ಚಿತು, ಹೊರಗಿನ ದಾರಿ ತೆರೆಯಿತು. ಅವನು ಹೊರಗೆ ಹೋದರೆ ನೀವು ಆಗಲೇ ಅರ್ಧ ತಿರುಗಿದ್ದೀರಿ, ಜೊತೆಗೆ ಓಡಬಹುದು. ಟಚ್‌ಲೈನ್ ನಿಮ್ಮ ಪಾಲಿಗೆ ಇನ್ನೊಬ್ಬ ಡಿಫೆಂಡರ್ ಇದ್ದ ಹಾಗೆ.

ಯಾವಾಗಲೂ ಹೊರಗೇ ತಳ್ಳಬೇಕೆಂದಲ್ಲ. ಅವನ ಹೊರಗಾಲು ಅಪಾಯಕಾರಿ, ನಿಮ್ಮ ಒಳಬದಿಯಲ್ಲಿ ಸ್ಟಾಪರ್ ಕಾವಲು ಇದ್ದಾನೆ ಅಂದಾಗ ಒಳಗೆ ಬಿಡುವುದೂ ಉಂಟು. ಇದನ್ನು ಆಟದ ಮೊದಲ ಹತ್ತು ನಿಮಿಷದಲ್ಲೇ ಪಕ್ಕದವನ ಜೊತೆ ಮಾತಾಡಿ ತೀರ್ಮಾನಿಸಿ, ಆಮೇಲೆ ಮನಸ್ಸು ಬದಲಿಸಬೇಡಿ.

ಕಣ್ಣು ಚೆಂಡಿನ ಮೇಲೆ. ಅವನ ಭುಜ, ಸೊಂಟ, ಕಾಲಿನ ಆಟ ಎಲ್ಲ ನಾಟಕ. ಚೆಂಡು ಸುಳ್ಳು ಹೇಳುವುದಿಲ್ಲ. ಕಾಲು ಹಾಕಲು ಸರಿಯಾದ ಗಳಿಗೆ ಅಂದರೆ ಚೆಂಡು ಅವನ ಪಾದ ಬಿಟ್ಟು ಮುಂದೆ ಹೋಗಿ, ಮುಂದಿನ ಟಚ್‌ಗೆ ಇನ್ನೂ ಸಿಗದ ಹೊತ್ತು. ಟಚ್ ದೊಡ್ಡದಾಯಿತೋ, ತಲೆ ತಗ್ಗಿಸಿದನೋ, ಆಗ ಹೋಗಿ. ಚೆಂಡು ಪಾದಕ್ಕೆ ಅಂಟಿಕೊಂಡಿದ್ದರೆ ಸುಮ್ಮನೆ ಹಿಂದೆ ಹಿಂದೆ ಸರಿಯಿರಿ, ಕಾಯಿರಿ. ಅವನು ನಿಮ್ಮ ಗೋಲಿಗೆ ಬೆನ್ನು ಹಾಕಿ ನಿಂತಿದ್ದರಂತೂ ಕಾಲು ಹಾಕುವುದು ದಡ್ಡತನ. ಅವನು ಕಾಯುತ್ತಿರುವುದು ನಿಮ್ಮ ಫೌಲ್‌ಗೇ.

ಅಭ್ಯಾಸ ಹೀಗೆ ಮಾಡಿ. 12 ಮೀಟರ್ ಉದ್ದ, 8 ಮೀಟರ್ ಅಗಲದ ಚೌಕ. ಕೋನ್ ಇಲ್ಲದಿದ್ದರೆ ನೀರಿನ ಬಾಟಲಿ ಇಡಿ. ಡಿಫೆಂಡರ್ ಪಾಸ್ ಕೊಟ್ಟು ಓಡಿಬರಬೇಕು, ಎದುರಾಳಿ ಹಿಂದಿನ ಗೆರೆ ದಾಟಲು ನೋಡಬೇಕು. ಚೆಂಡು ಕಿತ್ತುಕೊಂಡರೆ ಒಂದು ಪಾಯಿಂಟ್, ನಾಲ್ಕು ಸೆಕೆಂಡ್ ತಡೆದು ನಿಲ್ಲಿಸಿದರೂ ಒಂದು ಪಾಯಿಂಟ್. ಈ ಎರಡನೆಯ ಪಾಯಿಂಟೇ ಈ ಅಭ್ಯಾಸದ ಜೀವ. ಪಂದ್ಯದಲ್ಲಿ ನಾಲ್ಕು ಸೆಕೆಂಡ್ ಸಿಕ್ಕರೆ ನಿಮ್ಮ ಮಿಡ್‌ಫೀಲ್ಡರ್ ಬಂದು ಸೇರಿರುತ್ತಾನೆ. ಎಂಟು ಸಲ ಆಡಿ, ನಡುವೆ 40 ಸೆಕೆಂಡ್ ವಿಶ್ರಾಂತಿ, ಆಮೇಲೆ ಬದಿ ಬದಲಿಸಿ ಇನ್ನೆಂಟು. ಸ್ಲೈಡ್ ಮಾಡಿದರೆ ಪಾಯಿಂಟ್ ಕಳೆಯಿರಿ. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣಿನ ನೆಲದ ಮೇಲೆ ಸ್ಲೈಡ್ ಮಾಡಿದರೆ ತೊಡೆಯ ಚರ್ಮವೂ ಕಳೆಯುತ್ತದೆ.

ಲೈನ್ ಮತ್ತು ಬಾಯಿ

ಪಾಸ್ ಕೊಡುವಾಗ ಮುಂದಿರುವವನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಇಷ್ಟು ಜನ ಇರಬೇಕು ಅನ್ನುವ ಆಫ್‌ಸೈಡ್ ನಿಯಮ 1925ರಲ್ಲಿ ಮೂವರ ಲೆಕ್ಕದಿಂದ ಇಬ್ಬರಿಗೆ ಇಳಿಯಿತು. ಅಂದಿನಿಂದ ಇಂದಿನವರೆಗೆ ಲೈನ್, ಅಂದರೆ ಡಿಫೆಂಡರ್‌ಗಳ ಸಾಲು, ಎಲ್ಲಿ ನಿಲ್ಲಬೇಕು ಅನ್ನುವುದೇ ಡಿಫೆನ್ಸ್‌ನ ದೊಡ್ಡ ಜಗಳ. ಕಲಿಯುವವರಿಗೆ ಒಂದು ನಿಯಮ ಸಾಕು: ಚೆಂಡು ಇಟ್ಟುಕೊಂಡವನ ಮೇಲೆ ನಮ್ಮವನ ಒತ್ತಡ ಇದ್ದರೆ ಲೈನ್ ಮೇಲೇರಬೇಕು. ಅವನು ತಲೆ ಎತ್ತಿ ನೋಡುವಷ್ಟು ಪುರುಸೊತ್ತಿನಲ್ಲಿದ್ದರೆ ಇಳಿಯಬೇಕು. ಚೆಂಡು ಹಿಂದಕ್ಕೆ ಪಾಸ್ ಆದಾಗಲೆಲ್ಲ ಐದಾರು ಮೀಟರ್ ಏರಿ. ನಾಲ್ವರಲ್ಲಿ ಒಬ್ಬ ಮಾತ್ರ ಹಿಂದೆ ಉಳಿದರೆ ಉಳಿದ ಮೂವರ ಶ್ರಮ ನೀರಿನಲ್ಲಿ ಮಾಡಿದ ಹೋಮ. ಹಾಗೆ ಉಳಿಯುವವನು ಸಾಮಾನ್ಯವಾಗಿ ದೂರದ ಬದಿಯ ಸೈಡ್ ಬ್ಯಾಕ್, ಚೆಂಡು ನೋಡುತ್ತಾ ಮೈಮರೆತಿರುತ್ತಾನೆ.

ಒಬ್ಬ ಸ್ಟಾಪರ್ ಮುಂದೆ ಹೋಗಿ ತಡೆದಾಗ ಇನ್ನೊಬ್ಬ ನಾಲ್ಕರಿಂದ ಆರು ಮೀಟರ್ ಹಿಂದೆ, ಓರೆಯಲ್ಲಿ ನಿಲ್ಲಬೇಕು. ಅವನ ಬೆನ್ನ ಹಿಂದೆ ನೇರಕ್ಕೆ ನಿಂತರೆ ಒಂದೇ ತಿರುವಿನಲ್ಲಿ ಇಬ್ಬರೂ ಔಟ್.

ಇನ್ನು ಮಾತು. ಊರಿನ ತಂಡದಲ್ಲಿ "ಹಿಂದೆ ಬಂದ", "ಹೊರಗೆ ತಳ್ಳೋ", "ಏರ್ರೋ" ಅಂದರೆ ನಡೆಯುತ್ತದೆ. ಬೆಂಗಳೂರಿನ ಡ್ರೆಸ್ಸಿಂಗ್ ರೂಮಿನಲ್ಲಿ ತಮಿಳು, ಮಲಯಾಳ, ಮಣಿಪುರಿ, ಮಿಝೋ ಮಾತಾಡುವವರು ಇರುತ್ತಾರೆ; ಹೆಸರಾಂತ ಕ್ಲಬ್ಬಾದರೆ ಸ್ಪ್ಯಾನಿಷ್‌ನವರೂ. ಅಲ್ಲಿ ಎಲ್ಲರಿಗೂ ಗೊತ್ತಿರುವುದು ಆರೇಳು ಇಂಗ್ಲಿಷ್ ಕೂಗು: ಮ್ಯಾನ್ ಆನ್ (ಹಿಂದೆ ಆಳಿದ್ದಾನೆ), ಟೈಮ್ (ಪುರುಸೊತ್ತಿದೆ), ಟರ್ನ್ (ತಿರುಗು), ಅಪ್ (ಏರು), ಡ್ರಾಪ್ (ಇಳಿ), ಅವೇ (ದೂರ ಹೊಡಿ), ಕೀಪರ್ಸ್ (ಕೀಪರ್‌ಗೆ ಬಿಡು). ಇವನ್ನು ಮೊದಲ ದಿನದಿಂದ ಬಾಯಿಗೆ ತಂದುಕೊಳ್ಳಿ. ಹೆಸರು ಸೇರಿಸಿ ಕೂಗಿ, ಇಲ್ಲದಿದ್ದರೆ ಯಾರಿಗೆ ಹೇಳಿದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೈಸೂರಿನ ಮರ್ಯಾದಸ್ಥ ಹುಡುಗರು ಟ್ರಯಲ್ಸ್‌ನಲ್ಲಿ ಸೋಲುವುದು ಬಹಳ ಸಲ ಇಲ್ಲೇ. ಹಿರಿಯ ಆಟಗಾರನಿಗೆ "ಡ್ರಾಪ್" ಅಂತ ಅರಚಲು ಸಂಕೋಚ. ಆಟ ಮುಗಿದ ಮೇಲೆ "ಅಣ್ಣ" ಅನ್ನಿ, ಒಳಗೆ ಹೆಸರು ಹಿಡಿದೇ ಕೂಗಿ.

ಚೆಂಡು ಕಾಲಿಗೆ ಬರುವ ಮೊದಲು ಎರಡು ಸಲ ಭುಜದ ಮೇಲಿಂದ ನೋಡಿರಬೇಕು. 1992ರಿಂದ ನಮ್ಮವರು ಬೇಕೆಂದೇ ಕಾಲಿನಲ್ಲಿ ಕೊಟ್ಟ ಬ್ಯಾಕ್ ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. 2019ರಿಂದ ಕೀಪರ್ ಹೊಡೆದ ಗೋಲ್ ಕಿಕ್‌ನ ಚೆಂಡನ್ನು ನಮ್ಮವರು ಪೆನಾಲ್ಟಿ ಪ್ರದೇಶದ ಒಳಗೇ ನಿಂತು ಪಡೆಯಬಹುದು. ಈ ಎರಡು ಬದಲಾವಣೆ ಸೇರಿ ಸ್ಟಾಪರ್ ಅನ್ನು ಪಾಸ್ ಕೊಡುವ ಆಟಗಾರನನ್ನಾಗಿ ಮಾಡಿಬಿಟ್ಟಿವೆ. ಮೈ ಓರೆ ಮಾಡಿ, ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡರೆ ಮುಂದಿನ ಪಾಸ್‌ಗೆ ಎರಡು ದಾರಿ ಸಿಗುತ್ತದೆ. ಹತ್ತಿರದ ಕಾಲಿನಲ್ಲಿ ತೆಗೆದುಕೊಂಡರೆ ಬಂದ ದಾರಿಗೇ ವಾಪಸು. ದಾರಿಯೇ ಕಾಣದಿದ್ದಾಗ ಗೆರೆ ಆಚೆ ಹೊಡೆದು ಬಿಡಿ, ನಾಚಿಕೆ ಬೇಡ.

ತಲೆ

ಹೆಡ್ಡಿಂಗ್‌ನಲ್ಲಿ ಡಿಫೆಂಡರ್‌ಗೆ ಬೇಕಾದದ್ದು ಎತ್ತರ, ದೂರ, ಅಗಲ, ಇದೇ ಕ್ರಮದಲ್ಲಿ. ಕೂದಲು ಶುರುವಾಗುವ ಗೆರೆಯ ಕೆಳಗಿನ ಹಣೆಯಿಂದ, ಕಣ್ಣು ತೆರೆದು, ಕುತ್ತಿಗೆ ಬಿಗಿ ಹಿಡಿದು, ಚೆಂಡಿನ ಕೆಳಭಾಗಕ್ಕೆ ಹೊಡೆಯಬೇಕು. ನಡುನೆತ್ತಿಗೆ ತಾಗಿದರೆ ನೋವು, ಚೆಂಡೂ ಎತ್ತಲೋ ಹೋಗುತ್ತದೆ. ಒಂದು ಕಾಲಿನಿಂದ ಜಿಗಿಯಿರಿ. ತೋಳು ಸಮತೋಲಕ್ಕೆ, ಮೊಣಕೈ ಎದುರಾಳಿಯ ಮುಖಕ್ಕಲ್ಲ. ಚಿಕ್ಕವರಿಗೆ ಇದನ್ನು ಕಲಿಸಲು ಅವಸರ ಬೇಡ. ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ 2020ರಿಂದ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಹೆಡ್ಡಿಂಗೇ ಇಲ್ಲ. ಶುರು ಮಾಡುವಾಗ ಬಲೂನು, ಆಮೇಲೆ ಗಾಳಿ ಕಡಿಮೆ ಇರುವ 4ನೇ ಸೈಜಿನ ಚೆಂಡು. ಪೂರ್ತಿ ಸೈಜಿನ ಚೆಂಡಿಗೆ ನಿಯಮದ ಪ್ರಕಾರ ಇರಬೇಕಾದ ಒತ್ತಡ 8.5ರಿಂದ 15.6 ಪಿಎಸ್‌ಐ. ಸೈಕಲ್ ಶಾಪಿನಲ್ಲಿ ಕಲ್ಲಿನ ಹಾಗೆ ತುಂಬಿಸಿ ತಂದ ಚೆಂಡಿನಲ್ಲಿ ಹೆಡ್ಡಿಂಗ್ ಮಾಡಿಸುವುದು ತಪ್ಪು.

ತಲೆಗೆ ಪೆಟ್ಟು ಬಿದ್ದು ಮಂಕು ಕವಿದರೆ, ವಾಂತಿ ಬಂದರೆ, ಸ್ಕೋರ್ ಮರೆತರೆ ಅವತ್ತು ಮತ್ತೆ ಆಡಬಾರದು. ಇದರಲ್ಲಿ ವೀರತನಕ್ಕೆ ಜಾಗವಿಲ್ಲ.

ಕಾರ್ನರ್ ಬಂದಾಗ ನಿಮ್ಮ ಪಾಲಿನವನೂ ಚೆಂಡೂ ಎರಡೂ ಕಾಣುವ ಹಾಗೆ ಓರೆ ನಿಲ್ಲಿ, ಮುಂಗೈಯಿಂದ ಅವನನ್ನು ಮುಟ್ಟಿಕೊಂಡಿರಿ, ಅಂಗಿ ಹಿಡಿಯಬೇಡಿ. ಗೋಲು ಬೀಳುವುದು ಹೆಚ್ಚಾಗಿ ಚೆಂಡನ್ನಷ್ಟೇ ನೋಡುತ್ತಾ ನಿಂತವನ ಬೆನ್ನ ಹಿಂದಿನಿಂದ. ಎದುರಿನ ಗೋಲಿನ ಬಳಿ ಇದೇ ತಲೆ ನಿಮಗೆ ಹೆಸರು ತರುತ್ತದೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದುಕೊಟ್ಟದ್ದು ಡಿಫೆಂಡರ್ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ, ಕಾರ್ನರ್‌ಗೆ ಹಾಕಿದ ಹೆಡರ್.

ಕಾರ್ಡಿನ ಲೆಕ್ಕವೂ ಗೊತ್ತಿರಲಿ. ಖಚಿತ ಗೋಲಿನ ಅವಕಾಶ ತಪ್ಪಿಸುವ ಫೌಲ್‌ಗೆ ಕೆಂಪು ಕಾರ್ಡ್. ಆದರೆ 2016ರಿಂದ, ಪೆನಾಲ್ಟಿ ಪ್ರದೇಶದ ಒಳಗೆ ಚೆಂಡಿಗಾಗಿಯೇ ಕಾಲು ಹಾಕಿ ತಪ್ಪಿದ್ದರೆ ಪೆನಾಲ್ಟಿ ಜೊತೆ ಹಳದಿ ಮಾತ್ರ. ಅಂಗಿ ಎಳೆದರೆ, ತಳ್ಳಿದರೆ ಆಗಲೂ ಕೆಂಪೇ. ಅಂದರೆ ಕೈ ಬಳಸಿದವನಿಗೆ ದಂಡ ಎರಡು ಪಟ್ಟು.

ಮೈ ಉಳಿಸಿಕೊಳ್ಳುವುದು

ಸ್ಟಾಪರ್ ಒಂದು ಪಂದ್ಯದಲ್ಲಿ ಒಂಬತ್ತು ಹತ್ತು ಕಿಲೋಮೀಟರ್ ಓಡುತ್ತಾನೆ ನಿಜ, ಆದರೆ ಗೆಲ್ಲಿಸುವುದು 5ರಿಂದ 30 ಮೀಟರ್‌ನ ಚಿಕ್ಕ ಓಟಗಳು. ಕುಕ್ಕರಹಳ್ಳಿ ಕೆರೆ ಸುತ್ತ ಓಡುವುದು ಪಂದ್ಯದ ಮರುದಿನದ ಸಡಿಲಿಕೆಗೆ ಚೆನ್ನ, ಅದನ್ನೇ ತರಬೇತಿ ಅಂದುಕೊಳ್ಳಬೇಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ವಾರಕ್ಕೊಮ್ಮೆ ಹತ್ತಿ, ಕಾಲಿಗೆ ಬಲ ಬರುತ್ತದೆ. ಇಳಿಯುವಾಗ ಮಾತ್ರ ಓಡಬೇಡಿ, ನಡೆದು ಬನ್ನಿ. ಸಾವಿರ ಮೆಟ್ಟಿಲು ಓಡಿ ಇಳಿದರೆ ಮೊಣಕಾಲಿನ ಚಿಪ್ಪು ಬೇಸಿಗೆಯಿಡೀ ನೆನಪಿಸುತ್ತಿರುತ್ತದೆ. ಡಿಫೆಂಡರ್‌ಗೆ ಅಂತಲೇ ಇರುವ ಓಟ ಹೀಗೆ: ಐದು ಮೀಟರ್ ಹಿಂದಕ್ಕೆ ಹೆಜ್ಜೆ, ಸೊಂಟ ತೆರೆದು ತಿರುಗಿ, 15 ಮೀಟರ್ ಪೂರ್ತಿ ಓಟ. ಬಲಕ್ಕೆ ಆರು, ಎಡಕ್ಕೆ ಆರು. ಎಡಕ್ಕೆ ತಿರುಗುವುದು ನಿಧಾನ ಅನಿಸಿದರೆ ಎಡಕ್ಕೆ ಇನ್ನೂ ನಾಲ್ಕು ಸೇರಿಸಿ.

ವಾರ್ಮ್ ಅಪ್ ಅಂದರೆ ಎರಡು ಸುತ್ತು ಓಡಿ ಕಾಲು ಚಾಚುವುದು ಅಂತ ಬಹಳ ಕಡೆ ಇನ್ನೂ ನಡೆದಿದೆ. 'ಫಿಫಾ 11+' ಅನ್ನುವ ಸಿದ್ಧ ಕ್ರಮ ಇದೆ: ಎಂಟು ನಿಮಿಷ ನಿಧಾನ ಓಟ, ಹತ್ತು ನಿಮಿಷ ಬಲ, ಜಿಗಿತ, ಸಮತೋಲ, ಎರಡು ನಿಮಿಷ ವೇಗದ ಓಟ. ಒಟ್ಟು 20 ನಿಮಿಷ, ಖರ್ಚು ಸೊನ್ನೆ. ಅದರೊಳಗಿನ ನಾರ್ಡಿಕ್ ವ್ಯಾಯಾಮ ತೊಡೆಯ ಹಿಂಭಾಗದ ಸ್ನಾಯು ಹರಿಯದ ಹಾಗೆ ಕಾಯುತ್ತದೆ. ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿದಿರಲು, ಬೆನ್ನು ನೆಟ್ಟಗಿಟ್ಟು ಆದಷ್ಟು ನಿಧಾನ ಮುಂದಕ್ಕೆ ಬಾಗಿ, ಕೊನೆಗೆ ಕೈ ಊರುವುದು. ಮೊದಲ ವಾರ ಒಂದೇ ದಿನ, 5ರಂತೆ ಎರಡು ಸೆಟ್. ಎರಡನೇ ವಾರ ಎರಡು ದಿನ, 6ರಂತೆ ಎರಡು ಸೆಟ್. ಮೂರನೇ ವಾರದಿಂದ ಮೂರು ದಿನ, ಮೂರು ಸೆಟ್. ಹೀಗೆ ಏರಿಸುತ್ತಾ ಹೋಗಿ. ಮೊದಲ ದಿನವೇ 30 ಮಾಡಿದವರು ಮರುದಿನ ಕಕ್ಕಸಿನಲ್ಲಿ ಕೂರಲೂ ಪಡಬಾರದ ಪಾಡು ಪಟ್ಟು ಈ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಏರಿಸುವ ಕ್ರಮ ಇರುವುದು ಅದಕ್ಕೇ.

ಪಾದದ ಕೀಲು ಉಳುಕಿದಾಗ ನಾಟಿ ವೈದ್ಯರ ಬಳಿ ಓಡಿ ಎಳೆಸಿಕೊಳ್ಳುವುದು ನಮ್ಮ ಕಡೆಯ ಹಳೇ ಅಭ್ಯಾಸ. ಮೂಳೆ ಬಿರುಕು ಬಿಟ್ಟಿದ್ದರೆ ಎಳೆಯುವುದೇ ಅನಾಹುತ. ಊರಿಕೊಂಡು ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಕೀಲಿನ ಗುಬುಟಿನ ಹಿಂಬದಿಯ ಮೂಳೆ ಒತ್ತಿದರೆ ನೋವಾಗುತ್ತಿದ್ದರೆ ಮೊದಲು ಎಕ್ಸ್-ರೇ. ಮೊಣಕಾಲಿನಲ್ಲಿ 'ಟಪ್' ಅಂದು ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಎಸಿಎಲ್, ಅಂದರೆ ಮೊಣಕಾಲಿನ ಒಳಗಿನ ಕಟ್ಟುನಾರು, ಹರಿದಿರಬಹುದು. ಮೂಳೆ ತಜ್ಞರಿಗೆ ತೋರಿಸಿ. ಅದರ ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳ ಮುಂಚೆ ಪಂದ್ಯಕ್ಕೆ ಇಳಿದವರಿಗೆ ಮತ್ತೆ ಹರಿಯುವ ಸಂಭವ ಬಹಳ ಹೆಚ್ಚು.

ಬೂಟು ಎರಡು ಜೊತೆ ಇರಲಿ. ಗಟ್ಟಿ ಮಣ್ಣಿಗೂ ಆಸ್ಟ್ರೋ ಟರ್ಫ್‌ಗೂ ಗಿಡ್ಡ ರಬ್ಬರ್ ಗುಬ್ಬಿಯ ಟರ್ಫ್ ಶೂ, ಹುಲ್ಲಿಗೆ ಎರಕದ ಸ್ಟಡ್. ಗಟ್ಟಿ ನೆಲದ ಮೇಲೆ ಉದ್ದ ಸ್ಟಡ್ ಹಾಕಿ ವರ್ಷವಿಡೀ ಆಡಿದರೆ ಮೊಣಕಾಲ ಕೆಳಗಿನ ಮೂಳೆ ನೋವು ಗ್ಯಾರಂಟಿ.

ಊಟದ್ದು ಸರಳ. ಮುದ್ದೆ ಒಳ್ಳೆಯದೇ, ಆದರೆ ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮುಂಚೆ ತಿಂದು ಮುಗಿಸಿರಿ. ಎರಡು ಗಂಟೆ ಮುಂಚೆ ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಕೊರತೆ ಬೀಳುವುದು ಪ್ರೋಟೀನ್: ಕಿಲೋ ತೂಕಕ್ಕೆ 1.6 ಗ್ರಾಂ ಅಂದರೆ 60 ಕಿಲೋ ಇರುವವರಿಗೆ ದಿನಕ್ಕೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ದೊಡ್ಡ ಲೋಟ ಹಾಲಿನಲ್ಲಿ 8. ಮುದ್ದೆ, ಸೊಪ್ಪಿನ ಸಾರಿನಿಂದಷ್ಟೇ ಇದು ತುಂಬುವುದಿಲ್ಲ. ಹುರುಳಿ, ಅವರೆ, ಮೊಟ್ಟೆ, ಕೋಳಿ ಬೇಕು.

ದಾರಿ ಬೆಂಗಳೂರಿನ ಮೇಲೇ ಹೋಗುತ್ತದೆ

ಮೈಸೂರು, ಮಂಡ್ಯದಲ್ಲಿ ಕಲಿಯಬಹುದು. ವಾರವಾರವೂ ಕಠಿಣ ಪಂದ್ಯ ಮಾತ್ರ ಬೆಂಗಳೂರಿನಲ್ಲೇ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಸುತ್ತ ನಡೆಯುವ ಲೀಗ್‌ನಲ್ಲಿ ಕೆಳಗಿನ ಡಿವಿಷನ್‌ಗಳಿಂದ ಎ ಡಿವಿಷನ್, ಅಲ್ಲಿಂದ ಸೂಪರ್ ಡಿವಿಷನ್ ಹೀಗೆ ಮೆಟ್ಟಿಲಿದೆ. ಮೈಸೂರಿನಿಂದ ಸುಮಾರು 140 ಕಿಲೋಮೀಟರ್, ಮಂಡ್ಯದಿಂದ 100, ರೈಲಿದೆ. 15 ವಯಸ್ಸಿನವರೆಗೆ ಊರಲ್ಲೇ ಇದ್ದು ಶಾಲೆ ತಂಡದ ಜೊತೆ ಸುಬ್ರತೊ ಕಪ್, ದಸರಾ ಕ್ರೀಡಾಕೂಟ, ಜಿಲ್ಲಾ ತಂಡದ ಆಯ್ಕೆ, ಇವುಗಳಲ್ಲಿ ಆಡುವುದು ಮೇಲು. 16ರಿಂದ 18ರೊಳಗೆ ಬೆಂಗಳೂರಿನ ಯಾವುದಾದರೂ ಲೀಗ್ ತಂಡಕ್ಕೋ ಅಕಾಡೆಮಿಗೋ ಸೇರಬೇಕು. ಸೂಪರ್ ಡಿವಿಷನ್ ತಂಡದ ಬೆಂಚಿನಲ್ಲಿ ಕೂರುವುದಕ್ಕಿಂತ ಎ ಡಿವಿಷನ್‌ನಲ್ಲಿ 90 ನಿಮಿಷ ಆಡುವುದು ವಾಸಿ. ಸ್ಟಾಪರ್ ಕಲಿಯುವುದು ತಪ್ಪು ಮಾಡಿ, ಮಾಡಿದ ತಪ್ಪಿಗೆ ಗೋಲು ತಿಂದು.

ಕಾಲೇಜಿಗೆ ಹೋಗುವವರಿಗೆ ಇನ್ನೊಂದು ಬಾಗಿಲಿದೆ: ಅಂತರ ಕಾಲೇಜು ಪಂದ್ಯ, ವಿಶ್ವವಿದ್ಯಾನಿಲಯ ತಂಡ, ದಕ್ಷಿಣ ವಲಯ. ಈ ಪ್ರಮಾಣಪತ್ರಗಳು ಮುಂದೆ ರೈಲ್ವೆಯಂಥ ಕಡೆ ಕ್ರೀಡಾ ಕೋಟಾಕ್ಕೆ ಬೇಕಾಗುತ್ತವೆ. ಮೇಲಿನ ಮೆಟ್ಟಿಲಲ್ಲಿ ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯ ರಾಜ್ಯ ತಂಡ. ಹಳೆಯ ಮೈಸೂರು ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಆಮೇಲೆ ಕರ್ನಾಟಕ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬೀಳಲು ಇದು ಇವತ್ತಿಗೂ ಒಳ್ಳೇ ಕಿಟಕಿ.

ಕಾಗದಪತ್ರ, ವಿಡಿಯೋ, ಟ್ರಯಲ್ಸ್

ಜನನ ಪ್ರಮಾಣಪತ್ರ, ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್: ನಾಲ್ಕರಲ್ಲೂ ಹುಟ್ಟಿದ ದಿನ ಒಂದೇ ಇರಬೇಕು, ಹೆಸರಿನ ಅಕ್ಷರವೂ ಒಂದೇ ಇರಬೇಕು. ನಮ್ಮಲ್ಲಿ ತೊಂದರೆ ಬರುವುದು ಇನಿಶಿಯಲ್‌ನಿಂದ. ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು. ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ಜೂನ್ ಒಂದನೇ ತಾರೀಕು ಇನ್ನೊಂದು ತಲೆನೋವು. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮುಂಚೆಯೇ ಸರಿಪಡಿಸಿ, ಆಮೇಲೆ ಅಲೆದಾಟ ಹತ್ತು ಪಟ್ಟು. ವಯಸ್ಸು ಕಡಿಮೆ ತೋರಿಸುವ ಆಟ ಬೇಡವೇ ಬೇಡ. ಕಿರಿಯರ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಸಿಕ್ಕಿಬಿದ್ದರೆ ಕಳಂಕ ಅಳಿಸುವುದಿಲ್ಲ.

ನಿಮ್ಮ ಊರಿನ ಕ್ಲಬ್ ನಿಮ್ಮನ್ನು ಅಧಿಕೃತವಾಗಿ ನೋಂದಾಯಿಸಿದೆಯೇ ಕೇಳಿ. ಇದು ಕ್ಲಬ್‌ಗೂ ಲಾಭ. ಫಿಫಾ ನಿಯಮದಲ್ಲಿ ಆಟಗಾರನ 12ನೇ ವಯಸ್ಸಿನಿಂದ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಪರಿಹಾರದ ಹಣ ಸಿಗುವ ಏರ್ಪಾಡಿದೆ. ದಾಖಲೆಯಲ್ಲಿ ಹೆಸರಿಲ್ಲದ ಕ್ಲಬ್‌ಗೆ ಚಿಕ್ಕಾಸೂ ಬರುವುದಿಲ್ಲ.

ವಿಡಿಯೋದಲ್ಲಿ ಡಿಫೆಂಡರ್‌ಗಳು ಮಾಡುವ ತಪ್ಪು ಬರೀ ಟ್ಯಾಕಲ್ ತುಂಬುವುದು. ಮೂರು ನಾಲ್ಕು ನಿಮಿಷ ಸಾಕು. ಓದಿಕೊಂಡು ತಡೆದ ಪಾಸ್, ಗೆದ್ದ ಹೆಡರ್, ತಡೆದು ನಿಲ್ಲಿಸಿದ ವಿಂಗರ್, ಎರಡೂ ಕಾಲಿನ ಪಾಸ್, ಹಿಂದೆ ಓಡಿ ಸರಿಪಡಿಸಿದ್ದು ಇರಲಿ. ಜೊತೆಗೆ ಒಂದು ಪೂರ್ತಿ ಪಂದ್ಯದ ಲಿಂಕ್, ಸಾಧ್ಯವಾದರೆ ನೀವು ಸೋತ ಪಂದ್ಯದ್ದೂ. ಪೆವಿಲಿಯನ್ ಮೇಲಿನ ಮೆಟ್ಟಿಲಿನಿಂದ, ಫೋನ್ ಅಡ್ಡ ಹಿಡಿದು, ನಾಲ್ವರ ಲೈನ್ ಪೂರ್ತಿ ಕಾಣುವ ಹಾಗೆ ತೆಗೆಸಿ.

ಟ್ರಯಲ್ಸ್‌ನಲ್ಲಿ "ಯಾವ ಜಾಗ?" ಅಂದರೆ ಒಂದೇ ಹೇಳಿ. "ಎಲ್ಲಿ ಬೇಕಾದರೂ ಆಡ್ತೀನಿ ಸರ್" ಅನ್ನುವವರನ್ನು ಜನ ಸಾಲದ ಕಡೆ ನಿಲ್ಲಿಸುತ್ತಾರೆ. ಮೊದಲ ಐದು ನಿಮಿಷ ಸರಳ ಪಾಸ್, ಮೊದಲ ಹೆಡರ್ ಪೂರ್ತಿ ಬಲದಲ್ಲಿ. ಚೆಂಡು ದೂರದ ಬದಿಯಲ್ಲಿ ಇರುವಾಗ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದನ್ನೂ ಆರಿಸುವವರು ನೋಡುತ್ತಾರೆ. ಆಯ್ಕೆ ಆಗಬೇಕಾದರೆ ಇಷ್ಟು ದುಡ್ಡು ಕಟ್ಟಿ ಅಂದವರ ಬಳಿಯಿಂದ ಎದ್ದು ಬನ್ನಿ. ಏಜೆಂಟ್ ಅನ್ನುವವರಿಗೆ ಫಿಫಾ ಲೈಸೆನ್ಸ್ ಇದೆಯೇ ಎಂದು ಫಿಫಾ ವೆಬ್‌ಸೈಟಿನಲ್ಲೇ ನೋಡಿ.

ಸಹಿ ಹಾಕುವ ಮುಂಚೆ

ಫಿಫಾ ನಿಯಮದ ಪ್ರಕಾರ ವೃತ್ತಿಪರ ಕಾಂಟ್ರ್ಯಾಕ್ಟ್ ಹೆಚ್ಚೆಂದರೆ ಐದು ವರ್ಷ. 18 ತುಂಬದವರಿಗೆ ಮೂರೇ ವರ್ಷ. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಓದುವಾಗ ನೋಡಬೇಕಾದ ಸಾಲುಗಳು: ಗಾಯವಾಗಿ ಕೂತಾಗ ಸಂಬಳ ಪೂರ್ತಿಯೇ, ಆಪರೇಷನ್ ಖರ್ಚು ಯಾರದು, ವಿಮೆಯ ಮೊತ್ತ ಎಷ್ಟು, ವಸತಿ ಊಟ ಸಂಬಳದ ಒಳಗೋ ಹೊರಗೋ, ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಕ್ಲಬ್‌ಗೆ ಮಾತ್ರವೋ ಇಬ್ಬರಿಗೂ ಇದೆಯೋ. ಡಿಫೆಂಡರ್‌ಗೆ ಗೋಲಿನ ಬೋನಸ್ ಸಿಗುವುದು ಅಷ್ಟರಲ್ಲೇ ಇದೆ. ಗೋಲು ತಿನ್ನದ ಪಂದ್ಯಕ್ಕೆ ಬೋನಸ್ ಕೇಳಿ. ಎರಡೂ ಕಡೆ ಸಹಿಯಾದ ಪ್ರತಿ ಅವತ್ತೇ ನಿಮ್ಮ ಕೈಯಲ್ಲಿರಬೇಕು. "ಆಮೇಲೆ ಕಳಿಸ್ತೀವಿ" ಅನ್ನುವ ಪ್ರತಿ ಬಹಳ ಸಲ ಬರುವುದೇ ಇಲ್ಲ.

ಸಂಬಳ ಬ್ಯಾಂಕಿಗೇ ಬರಲಿ, ಕೈಗೆ ಬೇಡ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನದ ಅವಕಾಶ ಕೊಟ್ಟ ಮೇಲೆ, ಆಟಗಾರ ಕಾಂಟ್ರ್ಯಾಕ್ಟ್ ಮುರಿಯಬಹುದು ಎಂದು ಫಿಫಾ ನಿಯಮದಲ್ಲಿದೆ. ನೋಟಿಸ್ ಕೊಡದೆ ಸಿಟ್ಟಿನಲ್ಲಿ ಬ್ಯಾಗು ಎತ್ತಿಕೊಂಡು ಊರಿಗೆ ಬಂದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟು, ಇ-ಮೇಲ್, ನೋಟಿಸಿನ ಪ್ರತಿ ಒಂದೇ ಫೈಲಿನಲ್ಲಿರಲಿ. ಹೋಗುವ ಆತುರದಲ್ಲಿ ಎರಡು ಕ್ಲಬ್‌ಗೆ ಸಹಿ ಹಾಕಬೇಡಿ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ವರೆಗೆ ನೋಂದಣಿ ಆಗಬಹುದಾದರೂ ಸಾಮಾನ್ಯವಾಗಿ ಅಧಿಕೃತ ಪಂದ್ಯ ಆಡಲು ಬರುವುದು ಎರಡಕ್ಕೆ ಮಾತ್ರ.

ಸ್ಟ್ರೈಕರ್‌ಗಳಿಗಿಂತ ಡಿಫೆಂಡರ್ ಮಾಗುವುದು ತಡ. 21ಕ್ಕೆ ದೊಡ್ಡ ಕ್ಲಬ್ ಸಿಗಲಿಲ್ಲ ಅಂದರೆ ಕತೆ ಮುಗಿಯಲಿಲ್ಲ. ಪಾವೊಲೊ ಮಾಲ್ಡಿನಿ ಎಸಿ ಮಿಲಾನ್‌ಗೆ ಆಡುವುದು ನಿಲ್ಲಿಸಿದ್ದು 2009ರಲ್ಲಿ, 40 ವಯಸ್ಸಿಗೆ. ಆದರೂ ಸರ್ಕಾರಿ ಕ್ರೀಡಾ ಕೋಟಾಗೆ ವಯಸ್ಸಿನ ಮಿತಿ ಇದೆ. ರೈಲ್ವೆಯಲ್ಲಿ ಸಾಮಾನ್ಯವಾಗಿ 18ರಿಂದ 25. ಆದ್ದರಿಂದ 22–23ಕ್ಕೆ ಮನೆಯವರ ಜೊತೆ ಕೂತು ಕ್ಲಬ್ಬೋ ಕೆಲಸವೋ ಎಂದು ಲೆಕ್ಕ ಹಾಕಿ. ಆಡುತ್ತಾ ಮುಂದುವರಿಯುವವರು ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಡಿ ಲೈಸೆನ್ಸ್ ಕೋಚಿಂಗ್ ಕೋರ್ಸನ್ನು 27–28ಕ್ಕೇ, ಸೀಸನ್ ಇಲ್ಲದ ತಿಂಗಳಲ್ಲಿ ಮುಗಿಸಿಕೊಳ್ಳಿ. ಮೊಣಕಾಲು ಕೈಕೊಟ್ಟ ಮೇಲೆ ಮಾಡಲು ಹೊರಟರೆ, ಮೈದಾನದಲ್ಲಿ ಮಾಡಿ ತೋರಿಸಬೇಕಾದ ಭಾಗದಲ್ಲೇ ಕುಂಟಬೇಕಾಗುತ್ತದೆ.